ಅಳತೆಪಟ್ಟಿ ಹಿಡಿಯದೆ ಕೌದಿಯಲ್ಲಿ ‘ಲಾಗ್ ಕ್ಯಾಬಿನ್’ ಮಾದರಿ ತರಬಹುದೇ?

ಖಂಡಿತ ತರಬಹುದು. ನಡುವೆ ಒಂದು ಚೌಕ ತುಂಡು, ಅದರ ಸುತ್ತ ಒಂದೊಂದೇ ಪಟ್ಟಿ ಜೋಡಿಸುತ್ತ ಹೋಗುವ ಈ ಮಾದರಿ ಅಮೆರಿಕದಲ್ಲಿ ಬಹಳ ಹಳೆಯದು. ಅಕ್ಕಪಕ್ಕದ ಎರಡು ಬದಿಗೆ ತಿಳಿ ಬಣ್ಣ, ಉಳಿದೆರಡಕ್ಕೆ ಗಾಢ ಬಣ್ಣ. ಈ ಸುತ್ತು, ಈ ಬಣ್ಣದ ಜೋಡಿ ಉಳಿದರೆ ಸಾಕು, ಪಟ್ಟಿಗಳು ಕಣ್ಣಳತೆಯಲ್ಲಿ ಓರೆಕೋರೆಯಾಗಿದ್ದರೂ ಮಾದರಿ ಗುರುತು ಸಿಗುತ್ತದೆ. ಆದರೆ ಪ್ರತಿ ಪಟ್ಟಿ ಹೊಲಿದ ಮೇಲೆ ಅದರ ಹೊರಅಂಚನ್ನು ನೇರವಾಗಿ ಕತ್ತರಿಸಲೇಬೇಕು. ಬಾಗಿದ ಅಂಚಿಗೆ ನೇರ ಪಟ್ಟಿ ಕೂಡಿಸಿದರೆ ಬಟ್ಟೆ ಉಬ್ಬಿ ನಿಲ್ಲುತ್ತದೆ, ಮುಂದಿನ ಸುತ್ತಿನಲ್ಲಿ ಇನ್ನೂ ಹೆಚ್ಚುತ್ತದೆ.

ನಮ್ಮ ಬಾಗಲಕೋಟೆ ಕಡೆ ಮನೆಯಲ್ಲಿ ಹಳೆಯ ಇಳಕಲ್ ಸೀರೆ ಸಿಕ್ಕರೆ ಅದರ ಕೆಂಪು ದಡಿಯ ತುಂಡನ್ನೇ ನಡುವಿಗಿಡಿ, ಬಹಳ ಚಂದ ಕಾಣುತ್ತದೆ. ಜೀರ್ಣವಾದ ರೇಷ್ಮೆ ಸೆರಗು ಮಾತ್ರ ಬೇಡ, ಹೊಲಿಗೆಯಲ್ಲೇ ಸೀಳುತ್ತದೆ.