ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ

ಪತ್ರದ ಸಾರ: ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು 43. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ. ಪುಣೆಯಲ್ಲಿ ಓದುತ್ತಿರುವ ಮಗನಿಗೆ ಏನೋ ಆಗಿಬಿಟ್ಟಿದೆ ಎಂಬ ಭಯ. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿದೆ. ಮನೋವೈದ್ಯರು ಬೆಳಿಗ್ಗೆಗೆ ಎಸಿಟಾಲೊಪ್ರಾಮ್, ರಾತ್ರಿಗೆ ಆಲ್‌ಪ್ರಜೋಲಾಮ್ ಬರೆದು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಬೆಳಗಿನದರಿಂದ ಹೊಟ್ಟೆ ತೊಳಸಿತು, ಐದೇ ದಿನಕ್ಕೆ ಬಿಟ್ಟೆ. ರಾತ್ರಿಯದು ಹಿತವಾಯಿತು. ಮೂರು ತಿಂಗಳಿಂದ ನುಂಗುತ್ತಿದ್ದೇನೆ, ಈಚೆಗೆ ಮಧ್ಯಾಹ್ನವೂ ಅರ್ಧ. ಡಾಕ್ಟರ ಬಳಿ ಮತ್ತೆ ಹೋಗಿಲ್ಲ. ಪರಿಚಯದ ಮೆಡಿಕಲ್ ಅಂಗಡಿಯಿಂದ ನನ್ನ ತಮ್ಮ ತಂದುಕೊಡುತ್ತಾನೆ. ‘ಅದು ತಲೆಕೆಟ್ಟೋರ ಮಾತ್ರೆ, ಚಟ ಹತ್ತುತ್ತೆ’ ಎಂದು ಅತ್ತೆ ಅಂದ ಮೇಲೆ ಇದನ್ನೂ ಇವತ್ತೇ ನಿಲ್ಲಿಸೋಣ ಅನ್ನಿಸಿದೆ. ಸರಿಯೇ?

ಸಂಪಾದಕರ ಉತ್ತರ:

ಬೇಡ. ಇವತ್ತು ನಿಲ್ಲಿಸಬೇಡಿ. ಸಂಚಿಕೆ ಅಚ್ಚಾಗುವ ತನಕ ಕಾಯಿಸುವ ಉತ್ತರವಲ್ಲವಾದ್ದರಿಂದ ಇಷ್ಟನ್ನು ಅಂದೇ ಮೆಸೇಜ್ ಮಾಡಿದ್ದೆ. ಮಿಕ್ಕದ್ದನ್ನು ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪತ್ರದಲ್ಲಿದ್ದ ಮಿಲಿಗ್ರಾಂ ಲೆಕ್ಕವನ್ನು ಬೇಕೆಂದೇ ಕೈಬಿಟ್ಟಿದ್ದೇನೆ. ಅದನ್ನು ನೋಡಿಕೊಂಡು ಅಂಗಡಿಗೆ ಹೋಗುವವರೂ ಇದ್ದಾರೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಚಟದ ಭಯ ಸುಳ್ಳಲ್ಲ. ಆದರೆ ಅದು ಯಾವ ಮಾತ್ರೆಗೆ ಸೇರಿದ್ದು ಎಂಬಲ್ಲಿ ಊರಿಗೆ ಊರೇ ಎಡವುತ್ತದೆ. ಮನೋವೈದ್ಯರು ಬರೆದದ್ದನ್ನೆಲ್ಲ ‘ನಿದ್ದೆ ಮಾತ್ರೆ’ ಎಂದು ಒಂದೇ ಡಬ್ಬಿಗೆ ಹಾಕುತ್ತೇವೆ. ನಿಮ್ಮ ಚೀಟಿಯಲ್ಲಿರುವುದು ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಎರಡು ಔಷಧ. ಎಸಿಟಾಲೊಪ್ರಾಮ್ ಮಂದಗತಿಯದು. ಅದರ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಪೀಕಲಾಟವೆಂದರೆ, ತೊಂದರೆ ಮೊದಲ ವಾರದಲ್ಲೇ ಬರುತ್ತದೆ: ಹೊಟ್ಟೆ ತೊಳಸುವುದು, ನಿದ್ದೆಗೇಡು, ಕೆಲವರಿಗೆ ಗಾಬರಿಯೇ ಸ್ವಲ್ಪ ಹೆಚ್ಚುವುದು. ಬಹುಮಂದಿಗೆ ಹೊಟ್ಟೆಯ ತೊಂದರೆ ಒಂದೆರಡು ವಾರದಲ್ಲಿ ತಗ್ಗುತ್ತದೆ. ಊಟದ ಜೊತೆ ತೆಗೆದುಕೊಳ್ಳಿ ಎಂದೋ, ಸಣ್ಣ ಪ್ರಮಾಣದಿಂದ ಶುರು ಮಾಡೋಣ ಎಂದೋ ವೈದ್ಯರು ದಾರಿ ಹೇಳುತ್ತಿದ್ದರು. ನೀವು ಐದನೇ ದಿನ ಬಿಟ್ಟಿರಿ. ಕಷ್ಟವನ್ನಷ್ಟೇ ಉಂಡು, ಫಲ ಬರುವ ಮೊದಲೇ ಎದ್ದುಬಂದಿರಿ.

ಆಲ್‌ಪ್ರಜೋಲಾಮ್ ಹಾಗಲ್ಲ. ನುಂಗಿದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಎದೆ ಹಗುರ. ಯಾರಿಗೆ ಬೇಡವಾದೀತು? ಬೆಳಗಿನ ಮಾತ್ರೆ ಕೆಲಸಕ್ಕೆ ಹತ್ತುವವರೆಗೆ ಆಸರೆಯಾಗಲೆಂದು ಇದನ್ನು ಕೆಲವು ದಿನದ ಮಟ್ಟಿಗೆ ಬರೆಯುತ್ತಾರೆ. ದಿನವೂ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿ, ಅದಿಲ್ಲದೆ ಆಗುವುದಿಲ್ಲ ಎನ್ನತೊಡಗುತ್ತದೆ. ಅದರ ಪ್ರಭಾವ ಬೇಗ ಇಳಿಯುವುದರಿಂದ ಎರಡು ಮಾತ್ರೆಗಳ ನಡುವೆಯೇ ಗಾಬರಿ ಮರುಕಳಿಸುವುದುಂಟು. ನಿಮ್ಮ ಮಧ್ಯಾಹ್ನದ ಅರ್ಧ ಮಾತ್ರೆಯ ಹಿಂದೆ ಇದೇ ಇರಬಹುದು. ಕಾಯಿಲೆ ಜಾಸ್ತಿಯಾಯಿತು ಎಂದು ನೀವು ತಿಳಿದಿದ್ದೀರಿ.

ನನ್ನ ಹತ್ತಿರ ಈ ಬಗ್ಗೆ ಮಾತಾಡಿದ ಅನೇಕರು ಮಾಡಿದ್ದು ನೀವು ಮಾಡಿದ್ದನ್ನೇ: ಹಲವು ತಿಂಗಳು ಮುಂದುವರಿಸಬೇಕಾದ್ದನ್ನು ಬಿಟ್ಟು, ಬೇಗ ಬಿಡಬೇಕಾದ್ದನ್ನು ಹಿಡಿದುಕೊಂಡರು. ಹಿತವಾದದ್ದೇ ಔಷಧ ಎಂದು ನಂಬುವುದು ಸಹಜ.

ಮೂರು ತಿಂಗಳ ಬಳಿಕ ಆಲ್‌ಪ್ರಜೋಲಾಮನ್ನು ತಟಕ್ಕನೆ ನಿಲ್ಲಿಸಿದರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಭಯ ಮೊದಲಿಗಿಂತ ಜೋರಾಗಿ ಬರುತ್ತದೆ. ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ಅದಕ್ಕೇ ವೈದ್ಯರು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಎಷ್ಟೆಷ್ಟು, ಯಾವಾಗ ಎಂಬುದನ್ನು ನಿಮ್ಮನ್ನು ನೋಡಿದವರು ಹೇಳಬೇಕು. ಎಸಿಟಾಲೊಪ್ರಾಮನ್ನೂ ನೀವಾಗಿಯೇ ಮತ್ತೆ ಶುರು ಮಾಡಬೇಡಿ.

ಈ ಪಾಠ ಜಗತ್ತಿಗೆ ತಡವಾಗಿ ಹತ್ತಿತು. ನಿಮ್ಮ ರಾತ್ರಿಯ ಮಾತ್ರೆಯ ಜಾತಿಯದೇ ಆದ ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದಾಗ ಅಪಾಯವಿಲ್ಲದ ಔಷಧವೆಂದು ಧಾರಾಳವಾಗಿ ಬರೆದರು. ಬಿಡಲಾರದವರ ಸಂಖ್ಯೆ ಕಣ್ಣಿಗೆ ಬೀಳುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ನಮ್ಮಲ್ಲಿ 2014ರಿಂದ ಆಲ್‌ಪ್ರಜೋಲಾಮ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯವರು ಚೀಟಿ ನೋಡಿ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಮ್ಮ ತಮ್ಮ ಅಕ್ಕನ ಮೇಲಿನ ಪ್ರೀತಿಯಿಂದ ತರುತ್ತಿದ್ದಾನೆ, ಸರಿ. ಆದರೆ ಆ ಪರಿಚಯ ಇಲ್ಲದಿದ್ದರೆ ನೀವು ಎರಡೂವರೆ ತಿಂಗಳ ಹಿಂದೆಯೇ ಡಾಕ್ಟರ ಮುಂದೆ ಕೂತಿರುತ್ತಿದ್ದಿರಿ.

‘ಮಾತ್ರೆ ನುಂಗಿ ಸೋತೆನೇ’ ಎಂದೂ ಕೇಳಿದ್ದೀರಿ. ನಿಮ್ಮ ಬೆಳಗಿನ ಮಾತ್ರೆಯಂಥದ್ದನ್ನು ನಾನೂ ನುಂಗಿದ್ದೇನೆ, ಹನ್ನೊಂದು ತಿಂಗಳು. ‘ಶುಗರ್ ಮಾತ್ರೆ ಇದ್ದಹಾಗೆ ಅಂದುಕೊಳ್ಳಿ’ ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಆ ಹೋಲಿಕೆ ನನಗೆ ಹಿಡಿಸಲಿಲ್ಲ, ಶುಗರ್ ಮಾತ್ರೆ ಸಾಮಾನ್ಯವಾಗಿ ಕೊನೆತನಕ ಬರುತ್ತದೆ. ಇದನ್ನು ಆರಾಮಾದ ಮೇಲೆ ಆರು ತಿಂಗಳೋ ವರ್ಷವೋ ಮುಂದುವರಿಸಿ, ನಿಧಾನವಾಗಿ ಇಳಿಸಿ ಬಿಡುವವರೇ ಬಹಳ. ನಾನು ದೀಪಾವಳಿ ವಿಶೇಷಾಂಕದ ಗಡಿಬಿಡಿಯಲ್ಲಿ ಮಾತ್ರೆ ತರಿಸುವುದನ್ನೇ ಮರೆತು ನಾಲ್ಕು ದಿನ ತಪ್ಪಿಸಿದೆ. ತಲೆ ತಿರುಗಿ, ತಲೆಯೊಳಗೆ ಕರೆಂಟು ಜುಮ್ಮೆಂದ ಹಾಗಾಗಿ, ಕರಡು ಪುಟ ಬಿಟ್ಟು ಗೋಡೆ ಹಿಡಿದು ಕೂತೆ. ಚಟ ಹತ್ತಿದ್ದಕ್ಕಲ್ಲ, ಒಮ್ಮೆಲೇ ನಿಂತದ್ದಕ್ಕೆ ಹಾಗಾಯಿತು. ಮಾತ್ರೆಯ ಜೊತೆಗೆ ಆಪ್ತಸಲಹೆಗೂ ಹೋಗಿದ್ದೆ. ಮಗನಿಗೆ ಏನೋ ಆಯಿತೆಂಬ ಯೋಚನೆಯನ್ನು ಹಿಡಿದು ಪ್ರಶ್ನಿಸುವುದನ್ನು ಅಲ್ಲಿ ಕಲಿಸುತ್ತಾರೆ. ಅದೂ ಸಿಗುತ್ತದೆಯೇ ಎಂದು ಕೇಳಿ.

ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ. ಬಯ್ದಾರೆಂಬ ಅಳುಕು ಬೇಡ, ಇಂಥದ್ದನ್ನು ಅವರು ದಿನಾ ನೋಡುತ್ತಾರೆ. ಜಿಲ್ಲಾಸ್ಪತ್ರೆ ದೂರವಾದರೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಫೋನ್ ಮಾಡಿ ವಿಚಾರಿಸಿಕೊಂಡು ಹೊರಡಿ. ಅಷ್ಟರೊಳಗೆ ಯಾರೊಡನಾದರೂ ಮಾತಾಡಬೇಕೆನಿಸಿದರೆ 14416, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫಿಟ್ಸ್ ಬಂದರೆ ಮಾತ್ರ ಫೋನು ಹಿಡಿದು ಕೂರದೆ ಸೀದಾ ಆಸ್ಪತ್ರೆಗೆ.

ಹೋಗುವಾಗ ಎರಡೂ ಸ್ಟ್ರಿಪ್ ಚೀಲದಲ್ಲಿರಲಿ, ಮಧ್ಯಾಹ್ನದ ಅರ್ಧವನ್ನು ಮುಚ್ಚಿಡಬೇಡಿ. ಅತ್ತೆಯವರಿಗೆ ಎಲ್ಲವನ್ನೂ ಒಪ್ಪಿಸಲೇಬೇಕೆಂದಿಲ್ಲ. ಯಜಮಾನರಿಗೆ ಮಾತ್ರ ಹೇಳಿ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಮಾತ್ರೆ ಇಳಿಸುವ ವಾರಗಳಲ್ಲಿ ರಾತ್ರಿ ಮೂರಕ್ಕೆ ನೀವು ಎದ್ದು ಕೂತರೆ ಯಾಕೆಂದು ಗೊತ್ತಿರುವವರು ಮನೆಯಲ್ಲಿ ಒಬ್ಬರಿರಬೇಕು.