ಶೇಷಂ ಅಂದರೆ ಉಳಿದದ್ದಲ್ಲ ಮಾರಾಯ

"ಕೇರಳದ ಸರ್ಕಾರಿ ಆಸ್ಪತ್ರೆ ದೇಶಕ್ಕೇ ಮಾದರಿಯಂತೆ, ನಿಮಗೇನಪ್ಪಾ ಕೊರತೆ? ಇಷ್ಟು ವರ್ಷ ಅಲ್ಲಿದ್ದೂ ಮಲಯಾಳಂ ಕಲಿಯೋಕೆ ಏನು ಧಾಡಿ?" ಅಂತ ಕೇಳಿದೆಯಲ್ಲ.

ನಾವು ಅಲ್ಲಿಗೆ ಹೋದವರಲ್ಲ ಮಾರಾಯ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ನಮ್ಮ ಮನೆ ಇದ್ದಲ್ಲೇ ಉಂಟು.

ಆಸ್ಪತ್ರೆಯೂ ಚೆನ್ನಾಗಿಯೇ ಉಂಟು. ಸರ್ಕಾರಿ ಆಸ್ಪತ್ರೆ ಸುಧಾರಿಸಲು ಕೇರಳದಲ್ಲಿ 2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಲ್ಲಿ ನಮ್ಮ ಪಿಎಚ್‌ಸಿ ಕುಟುಂಬಾರೋಗ್ಯ ಕೇಂದ್ರ ಆಯಿತು. ಸಂಜೆಯೂ ಡಾಕ್ಟರ್ ಸಿಗುತ್ತಾರೆ, ಬಿಪಿ-ಶುಗರಿನ ಮಾತ್ರೆ ಧರ್ಮಕ್ಕೆ, ಹಾಸಿಗೆ ಹಿಡಿದವರಿದ್ದರೆ ನರ್ಸ್ ಮನೆಗೇ ಬರುತ್ತಾರೆ. ನಿಮ್ಮ ಬೆಂಗಳೂರಲ್ಲಿ ಬರುತ್ತಾರಾ?

ತೊಡಕಿರುವುದು ಮಾತ್ರೆಯ ಕವರಿನಲ್ಲಿ. ದೊಡ್ಡಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ, ಐದನೇ ಕ್ಲಾಸು. ಶುಗರ್ ಮಾತ್ರೆಯ ಕವರನ್ನು ಪಕ್ಕದ ಮನೆಯ ಹುಡುಗ ಓದಿ ಹೇಳಿದ: "ಭಕ್ಷಣತ್ತಿನು ಶೇಷಂ." ಊಟದ ನಂತರ ಅಂತ ಅರ್ಥ. ದೊಡ್ಡಮ್ಮನಿಗೆ ಶೇಷ ಅಂದರೆ ಉಳಿದದ್ದು. ಒಂದು ವಾರ ಬಟ್ಟಲಲ್ಲಿ ಎರಡು ತುತ್ತು ಗಂಜಿ ಉಳಿಸಿ, ಮುಚ್ಚಿಟ್ಟು, ಸಂಜೆ ಅದರೊಟ್ಟಿಗೆ ಮಾತ್ರೆ ನುಂಗಿದ್ದಾರೆ!

ಮೀನು ಚೌಕಾಸಿ ಮಾಡುವಷ್ಟು ಮಲಯಾಳಂ ನಮಗೆಲ್ಲ ಬರುತ್ತದೆ. ಆದರೆ "ಎದೆ ಧಸಕ್ ಅಂತದೆ" ಅನ್ನುವುದನ್ನು ಕೇರಳದ ತೆಂಕಲಿಂದ ಬಂದ ಡಾಕ್ಟರಿಗೆ ಹೇಗೆ ಹೇಳುವುದು? ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು ಅಂತ 1969ರ ಭಾಷಾ ಕಾಯ್ದೆಯಲ್ಲೇ ಉಂಟು. ಅರ್ಜಿ ಬರೆಯಲು ಹಕ್ಕು ಉಂಟು, ನೋವು ಹೇಳಲು ದುಭಾಷಿ ಬೇಕು. ದುಭಾಷಿ ಅಂದರೆ ಒಂದು ದಿನ ರಜೆ ಹಾಕಿದ ನಾನು.

ಮಂಗಳೂರಿಗೆ ಹೋಗಿ ಅಂತೀಯ. ದೊಡ್ಡ ಕಾಯಿಲೆಗೆ ಹೋಗುವುದು ಅಲ್ಲಿಗೇ. ಆದರೆ 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದವರು ಕನ್ನಡದ ಕಡೆಯವರೇ. ಆಗ ನಮ್ಮ ಮನೆಗೆ ಮಾತ್ರೆ ತಂದುಕೊಟ್ಟದ್ದು ಮಲಯಾಳಂ ಮಾತಾಡುವ ಆಶಾ ಕಾರ್ಯಕರ್ತೆ. ಇದನ್ನು ನಾವು ಯಾರ ಹತ್ತಿರ ಹೇಳುವುದು?

ಮೊನ್ನೆ ಒಬ್ಬರು ಫಾರಂ ಹಿಡಿದುಕೊಂಡು ಬಂದು, ಆಸ್ಪತ್ರೆಯ ಬಗ್ಗೆ ತೃಪ್ತಿ ಉಂಟಾ ಅಂತ ವಿಚಾರಿಸಿದರು. ಫಾರಂ ಮಲಯಾಳಂನಲ್ಲಿ. ದೊಡ್ಡಮ್ಮ ಎಲ್ಲ ಪ್ರಶ್ನೆಗೂ "ಉಂಟು, ಉಂಟು" ಅಂದರು. ಆ ಒಂದು ಶಬ್ದ ಎರಡೂ ಭಾಷೆಯಲ್ಲಿ ನಡೆಯುತ್ತದೆ ನೋಡು.

ಸುಳ್ಳೇನಲ್ಲ. ಹಳೇ ಡಾಕ್ಟರು ಕೊನೆಕೊನೆಗೆ "ಉಂಡ ಮೇಲೆ, ದೊಡ್ಡಮ್ಮಾ" ಅಂತ ಕನ್ನಡದಲ್ಲೇ ಹೇಳುತ್ತಿದ್ದರು. ಅವರಿಗೆ ಹೋದ ತಿಂಗಳು ವರ್ಗ ಆಯಿತು. ಹೊಸಬರು ತೆಂಕಲ ಕೊಲ್ಲಂ ಕಡೆಯವರಂತೆ. ನಾಳೆ ಶುಗರ್ ಚೆಕ್ ಉಂಟು, ರಜೆ ಹಾಕಿದ್ದೇನೆ.