ಫಂಕ್ಷನಲ್ ಪ್ರೋಗ್ರಾಮಿಂಗ್ ಮತ್ತು ಡಾಕ್ಯುಮೆಂಟ್ ಡೇಟಾಬೇಸ್ ಒಂದಕ್ಕೊಂದು ಒಗ್ಗುತ್ತವಾ?

ಫಂಕ್ಷನಲ್ ಪ್ರೋಗ್ರಾಮಿಂಗ್, ಅಂದರೆ ಚಿಕ್ಕ ಚಿಕ್ಕ ಫಂಕ್ಷನ್‌ಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ರೀತಿ, ಈಗಷ್ಟೇ ಕಲಿಯುತ್ತಿದ್ದೀರಿ. ಅದರ ಜೊತೆ ಡಾಕ್ಯುಮೆಂಟ್ ಡೇಟಾಬೇಸ್, ಅಂದರೆ ಟೇಬಲ್‌ಗಳ ಬದಲು ಒಂದೊಂದು ವಿಷಯವನ್ನೂ ಒಂದೊಂದು ಡಾಕ್ಯುಮೆಂಟ್ ಆಗಿ ಇಡುವ ಡೇಟಾಬೇಸ್, ಬಳಸಿದರೆ ಹೇಗೆ ಎಂದು ಕೇಳಿದ್ದೀರಿ. ಒಗ್ಗುತ್ತವೆ, ಬಹಳ ಚೆನ್ನಾಗಿ ಒಗ್ಗುತ್ತವೆ. ಆದರೆ ಯಾಕೆ ಒಗ್ಗುತ್ತವೆ ಅಂತ ನನಗೆ ಅರ್ಥವಾಗಿದ್ದು ಎರಡು ತಪ್ಪು ಮಾಡಿದ ಮೇಲೆ.

ನಾನು ಕ್ಲೋಜರ್ ಎಂಬ ಫಂಕ್ಷನಲ್ ಭಾಷೆಯನ್ನೂ ಕೌಚ್‌ಡಿಬಿ ಎಂಬ ಡಾಕ್ಯುಮೆಂಟ್ ಡೇಟಾಬೇಸನ್ನೂ ಇಟ್ಟುಕೊಂಡು ಶುರು ಮಾಡಿದೆ. ಓದುವ ಪುಸ್ತಕಗಳ ಲೆಕ್ಕ ಇಡುವ ಚಿಕ್ಕ ಪ್ರೋಗ್ರಾಂ. ಒಂದು ಪುಸ್ತಕಕ್ಕೆ ಒಂದು ಡಾಕ್ಯುಮೆಂಟ್. ಡೇಟಾಬೇಸ್‌ನಿಂದ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಬರುತ್ತದೆ, ಕ್ಲೋಜರ್‌ನಲ್ಲಿ ಅದೇ ಮ್ಯಾಪ್, ಅಂದರೆ ಹೆಸರು ಮತ್ತು ಮೌಲ್ಯಗಳ ಜೋಡಿಗಳ ಗುಂಪು, ಆಗುತ್ತದೆ, ಅಷ್ಟೇ. ಮೂರು ಟೇಬಲ್ ಜಾಯಿನ್ ಮಾಡಿ ಆಬ್ಜೆಕ್ಟ್ ಕಟ್ಟುವ ಕೆಲಸವೇ ಇಲ್ಲ. ಅಂದಹಾಗೆ, ಕೌಚ್‌ಡಿಬಿಯನ್ನೇ ಬಹುಪಾಲು ಬರೆದಿರುವುದು ಎರ್ಲಾಂಗ್ ಎಂಬ ಫಂಕ್ಷನಲ್ ಭಾಷೆಯಲ್ಲಿ.

ಮೊದಲ ತಪ್ಪು ಇದು. 30 ದಿನಗಳಿಂದ ಮುಟ್ಟದ ಪುಸ್ತಕಗಳ ಪಟ್ಟಿ ಬೇಕಿತ್ತು. ಕೌಚ್‌ಡಿಬಿಯಲ್ಲಿ ಇಂಥ ಪಟ್ಟಿಗೆ ವ್ಯೂ ಬರೆಯಬಹುದು, ಅಂದರೆ ಡಾಕ್ಯುಮೆಂಟ್‌ಗಳಿಂದ ಮೊದಲೇ ತಯಾರಾಗಿ ಇಂಡೆಕ್ಸ್‌ನಲ್ಲಿ ಉಳಿಯುವ ಪಟ್ಟಿ. ಪ್ರತಿ ಡಾಕ್ಯುಮೆಂಟ್ ಮೇಲೂ ಓಡಿ ಪಟ್ಟಿಗೆ ಸಾಲು ಕೊಡುವ ಫಂಕ್ಷನ್‌ಗೆ ಇಲ್ಲಿ ಮ್ಯಾಪ್ ಫಂಕ್ಷನ್ ಅನ್ನುತ್ತಾರೆ (ಕ್ಲೋಜರ್‌ನ ಮ್ಯಾಪ್ ಬೇರೆ). ನಾನು ಅದರ ಒಳಗೇ ಇವತ್ತಿನ ತಾರೀಖು ತೆಗೆದುಕೊಂಡು ಲೆಕ್ಕ ಹಾಕಿದೆ. ಮೊದಲ ದಿನ ಸರಿಯಾಗಿತ್ತು. ಆಮೇಲೆ ಹೊಸ ಪುಸ್ತಕ ಒಂದೂ ಆ ಪಟ್ಟಿಗೆ ಬರಲೇ ಇಲ್ಲ. ಯಾಕೆಂದರೆ ಡಾಕ್ಯುಮೆಂಟ್ ಬದಲಾದರೆ ಮಾತ್ರ ಆ ಫಂಕ್ಷನ್ ಅದರ ಮೇಲೆ ಮತ್ತೆ ಓಡುತ್ತದೆ. ಇಲ್ಲದಿದ್ದರೆ ಹಳೆಯ ಉತ್ತರವೇ ಇಂಡೆಕ್ಸ್‌ನಲ್ಲಿ ಕೂತಿರುತ್ತದೆ. ಕೊನೆಯ ಸಲ ಓದಿದ ತಾರೀಖನ್ನೇ ಕೀ, ಅಂದರೆ ಪಟ್ಟಿಯಲ್ಲಿ ಹುಡುಕುವ ಗುರುತು, ಮಾಡಿ, ಎಲ್ಲಿಯವರೆಗೆ ಬೇಕು ಅನ್ನುವುದನ್ನು ಕ್ವೆರಿ ಮಾಡುವಾಗ ಕೊಟ್ಟ ಮೇಲೆ ಸರಿಹೋಯಿತು. ಫಂಕ್ಷನ್ ಪ್ಯೂರ್ ಆಗಿರಬೇಕು, ಅಂದರೆ ಒಳಗೆ ಕೊಟ್ಟಿದ್ದನ್ನು ಬಿಟ್ಟು ಬೇರೇನನ್ನೂ ನೋಡಬಾರದು ಅಂತ ಮೊದಲೇ ಓದಿದ್ದೆ. ಅದು ಬರೀ ಅಂದಕ್ಕೆ ಹೇಳಿದ ಮಾತಲ್ಲ ಅಂತ ಆವತ್ತು ಮನವರಿಕೆಯಾಯಿತು.

ಎರಡನೆಯ ತಪ್ಪು ರಿಡ್ಯೂಸ್‌ನಲ್ಲಿ, ಅಂದರೆ ವ್ಯೂ ಕೊಟ್ಟ ಹಲವು ಬೆಲೆಗಳನ್ನು ಸೇರಿಸಿ ಒಂದೇ ಉತ್ತರ ಮಾಡುವ ಹಂತದಲ್ಲಿ. ಪುಸ್ತಕಗಳಿಗೆ ಕೊಟ್ಟ ಅಂಕಗಳ ಸರಾಸರಿ ತೆಗೆಯಲು ಹೋದೆ. ಕೌಚ್‌ಡಿಬಿ ದಾಖಲೆಗಳನ್ನು ಗುಂಪು ಗುಂಪಾಗಿ ರಿಡ್ಯೂಸ್ ಮಾಡಿ, ಆ ಉತ್ತರಗಳನ್ನು ಮತ್ತೆ ರಿಡ್ಯೂಸ್ ಮಾಡುತ್ತದೆ. ಮೂರು ಪುಸ್ತಕಗಳಿಗೆ ತಲಾ 5, ಇನ್ನೊಂದಕ್ಕೆ 1 ಅಂದುಕೊಳ್ಳಿ. ನಿಜವಾದ ಸರಾಸರಿ 4. ಮೂರು ಒಂದು ಗುಂಪಿಗೆ, ಒಂದು ಇನ್ನೊಂದಕ್ಕೆ ಬಿದ್ದರೆ, ಸರಾಸರಿಗಳ ಸರಾಸರಿ 3! ಮೊತ್ತ ಮತ್ತು ಎಣಿಕೆ ಎರಡನ್ನೂ ಇಟ್ಟುಕೊಂಡು ಬಂದು, ಭಾಗಾಕಾರವನ್ನು ಕೊನೆಗೆ ಮಾಡಬೇಕು.

ನನಗೆ ತುಂಬಾ ಇಷ್ಟವಾಗಿದ್ದು ಅಪ್‌ಡೇಟ್ ಮಾಡುವ ರೀತಿ. ಪ್ರತಿ ಡಾಕ್ಯುಮೆಂಟ್‌ಗೂ ಒಂದು ರಿವಿಷನ್ ಗುರುತು ಇರುತ್ತದೆ. ನಿಮಗಿಂತ ಮೊದಲು ಬೇರೆಯವರು ಬದಲಾಯಿಸಿದ್ದರೆ ಕೌಚ್‌ಡಿಬಿ ನಿಮ್ಮ ಬದಲಾವಣೆಯನ್ನು 409, ಅಂದರೆ ಘರ್ಷಣೆ ಎಂಬ ದೋಷ ಸಂಖ್ಯೆ ಕೊಟ್ಟು ತಿರುಗಿಸಿ ಕಳಿಸುತ್ತದೆ. ಹಳೆಯ ಡಾಕ್ಯುಮೆಂಟ್ ತೆಗೆದುಕೊಂಡು ಹೊಸದನ್ನು ಕೊಡುವ ಫಂಕ್ಷನ್ ನಿಮ್ಮ ಕೈಯಲ್ಲಿದ್ದರೆ ಚಿಂತೆಯೇ ಇಲ್ಲ. ಹೊಸ ರಿವಿಷನ್ ತರಿಸಿ, ಅದೇ ಫಂಕ್ಷನ್ ಮತ್ತೆ ಓಡಿಸಿ. ಕ್ಲೋಜರ್‌ನಲ್ಲಿ ಬದಲಾಗುವ ಮೌಲ್ಯವನ್ನು ಹಿಡಿದಿಡುವ ಆಟಮ್ ಕೂಡ ಒಳಗೆ ಹೀಗೇ ಕೆಲಸ ಮಾಡುತ್ತದೆ, ಅದನ್ನು ಗಮನಿಸಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ. ಆದರೆ ಆ ಫಂಕ್ಷನ್ ಒಳಗೆ ಇಮೇಲ್ ಕಳಿಸುವಂಥದ್ದು ಏನೂ ಇರಬಾರದು. ಮೂರು ಸಲ ಪ್ರಯತ್ನಿಸಿದರೆ ಮೂರು ಇಮೇಲ್ ಹೋಗುತ್ತವೆ, ಅಲ್ವಾ?

ಒಂದು ಎಚ್ಚರಿಕೆ. ಹಳೆಯ ರಿವಿಷನ್‌ಗಳನ್ನು ಇತಿಹಾಸ ಅಂತ ನಂಬಿಕೊಳ್ಳಬೇಡಿ. ಡೇಟಾಬೇಸ್ ಜಾಗ ಉಳಿಸಲು ಮಾಡುವ ಕಾಂಪ್ಯಾಕ್ಷನ್ ಆದಾಗ ಅವುಗಳ ಒಳಗಿನ ಡೇಟಾ ಹೋಗುತ್ತದೆ. ಇತಿಹಾಸ ಬೇಕಿದ್ದರೆ ಪ್ರತಿ ಘಟನೆಯನ್ನೂ ಬೇರೆ ಡಾಕ್ಯುಮೆಂಟ್ ಆಗಿ ಬರೆಯಿರಿ. ಇನ್ನು ಹಲವು ಡಾಕ್ಯುಮೆಂಟ್‌ಗಳು ಒಟ್ಟಿಗೇ ಬದಲಾಗಬೇಕು ಅನ್ನುವ ಕೆಲಸ ಜಾಸ್ತಿ ಇದ್ದರೆ, ಟೇಬಲ್‌ಗಳ ಡೇಟಾಬೇಸ್ ನೋಡುವುದು ಮೇಲು. ಮೊಂಗೊಡಿಬಿ ಎಂಬ ಇನ್ನೊಂದು ಡಾಕ್ಯುಮೆಂಟ್ ಡೇಟಾಬೇಸ್‌ಗೆ ಹಾಗೆ ಹಲವನ್ನು ಒಟ್ಟಿಗೇ ಬದಲಿಸುವ ಸೌಲಭ್ಯ (ಟ್ರಾನ್ಸಾಕ್ಷನ್) 2018ರಲ್ಲಿ, 4.0 ಆವೃತ್ತಿಯಲ್ಲಿ ಬಂತು. ಆದರೆ ಕಲಿಕೆಗೆ ನಾನು ಕೌಚ್‌ಡಿಬಿಯನ್ನೇ ಹೇಳುತ್ತೇನೆ. ಒಂದು ವ್ಯೂ ಬರೆಯಿರಿ, ನೂರಾರು ಡಾಕ್ಯುಮೆಂಟ್ ಹಾಕಿ, ಉತ್ತರವನ್ನು ನೀವೇ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿ. ಹತ್ತು ಡಾಕ್ಯುಮೆಂಟ್ ಹಾಕಿ ನಿಲ್ಲಿಸಬೇಡಿ, ನನ್ನ ಸರಾಸರಿಯ ತಪ್ಪು ಹತ್ತರಲ್ಲಿ ಕಾಣಿಸಿರಲಿಲ್ಲ.